ಸರಾಸರಿ ರೋಗಿ ಎಂಬುವವರು ಯಾರು?

ಆನವಟ್ಟಿಯಲ್ಲಿರುವ ನಮ್ಮ ದೊಡ್ಡಪ್ಪನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬಸ್ಸಿನಲ್ಲಿ ಹೋಗಿ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ರಜೆಗೆ ಊರಿಗೆ ಬಂದಾಗ ಜೊತೆಗೆ ನಾನೇ ಹೋಗುತ್ತೇನೆ. ಮೂರನೇ ಗಂಟೆಯ ಹೊತ್ತಿಗೆ ಅವರ ಬಿಪಿ ಇಳಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಪಕ್ಕದ ಹಾಸಿಗೆಯವರು ಆರಾಮವಾಗಿ ನಿದ್ದೆ ಮಾಡುತ್ತಿರುತ್ತಾರೆ. ‘ನನ್ನ ಮೈಯೇ ಹಂಗೆ ಬಿಡೋ’ ಎನ್ನುತ್ತಾರೆ ದೊಡ್ಡಪ್ಪ. ಬಿ.ಇ. ಓದುತ್ತಿರುವ ನನಗೆ ಅನಿಸುವುದು: ಆ ಮೈ ಹೇಗೆ ಎಂದು ಅಳೆದು ನೋಡಬಹುದಲ್ಲವೇ?

ಡಯಾಲಿಸಿಸ್ ದ್ರಾವಣವನ್ನು ಸ್ವಲ್ಪ ತಂಪಾಗಿಸಿದರೆ ಬಿಪಿ ಇಳಿಯುವುದು ಕಡಿಮೆಯಾಗುತ್ತದೆ ಎಂದು ಹಲವು ಸಣ್ಣ ಅಧ್ಯಯನಗಳು ಹೇಳಿದ್ದವು. ಕೆನಡಾದ ಒಂಟಾರಿಯೊದ 84 ಕೇಂದ್ರಗಳಲ್ಲಿ 15 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ‘ಮೈಟೆಂಪ್’ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ತಂಪು ದ್ರಾವಣದಿಂದ ಹೃದಯ ಸಂಬಂಧಿ ಸಾವು, ಆಸ್ಪತ್ರೆ ದಾಖಲಾತಿ ಕಡಿಮೆಯಾಗಲಿಲ್ಲ. ಚಳಿಯಾಗುತ್ತದೆ ಎಂದವರು ಮಾತ್ರ ಹೆಚ್ಚಾದರು. ಎಲ್ಲರಿಗೂ ತಂಪು ಮಾಡುವ ಅಗತ್ಯವಿಲ್ಲ ಎನ್ನಲು ಇಷ್ಟು ಸಾಕು. ಆದರೆ ದೊಡ್ಡಪ್ಪನ ಕಾಲುನೋವಿಗೆ ಈ ಸರಾಸರಿಯಲ್ಲಿ ಉತ್ತರವಿಲ್ಲ.

ಇದಕ್ಕೊಂದು ದಾರಿ ಇದೆ. ಕೆನಡಾದ ವೈದ್ಯ ಗಾರ್ಡನ್ ಗಯಟ್ ಮತ್ತು ಸಂಗಡಿಗರು 1986ರಲ್ಲೇ ಒಬ್ಬನೇ ರೋಗಿಯ ಮೇಲೆ ಶಿಸ್ತಿನ ಪ್ರಯೋಗ ನಡೆಸುವ ವಿಧಾನವನ್ನು ವಿವರಿಸಿದ್ದರು. ಉದಾಹರಣೆಗೆ ಎರಡು ವಾರ ಈಗಿರುವ ಉಷ್ಣತೆ, ಇನ್ನೆರಡು ವಾರ ಅರ್ಧ ಡಿಗ್ರಿ ಕಡಿಮೆ. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ರೋಗಿಗೆ ಹೇಳಬಾರದು. ಹೀಗೆ ಮೂರು ಸುತ್ತು ಮಾಡಿದರೆ 12 ವಾರಗಳಲ್ಲಿ 36 ಸರದಿಗಳ ಲೆಕ್ಕ ಸಿಗುತ್ತದೆ. ಡಯಾಲಿಸಿಸ್‌ಗೆ ಇದು ಹೇಳಿ ಮಾಡಿಸಿದಂತಿದೆ. ಚಿಕಿತ್ಸೆ ಮತ್ತೆ ಮತ್ತೆ ನಡೆಯುತ್ತದೆ, ಬಿಪಿಯನ್ನು ಹೇಗೂ ಬರೆದಿಡುತ್ತಾರೆ. ಕಾಲು ಹಿಡಿಯಿತೇ, ಚಳಿಯಾಯಿತೇ ಎಂಬ ಎರಡು ಕಾಲಂ ಸೇರಿಸಿದರಾಯಿತು.

ಇದಕ್ಕೂ ಮಿತಿಯಿದೆ. ಆಯಸ್ಸು ಹೆಚ್ಚುತ್ತದೆಯೇ ಎಂದು ತಿಳಿಯಲು ದೊಡ್ಡ ಅಧ್ಯಯನವೇ ಬೇಕು. ರೋಗಿಯ ಒಪ್ಪಿಗೆ, ವೈದ್ಯರ ಉಸ್ತುವಾರಿ ಇಲ್ಲದೆ ಯಂತ್ರ ಮುಟ್ಟುವಂತಿಲ್ಲ. ಈಗಲೇ ಕೈತುಂಬಾ ಕೆಲಸವಿರುವ ಸಿಬ್ಬಂದಿಗೆ ಇದು ಹೊರೆ ಎಂಬ ಮಾತೂ ನಿಜ. ಆದರೆ ಲೆಕ್ಕ ಇಡುವ ಸರಳ ತಂತ್ರಾಂಶ ಬರೆಯಲು ನನ್ನಂಥ ವಿದ್ಯಾರ್ಥಿಗಳಿದ್ದೇವೆ. ಇಂಥ ಹಲವರ ಲೆಕ್ಕ ಕೂಡಿಸಿದರೆ ಅದೂ ಸಂಶೋಧನೆಯೇ.

ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾದಾಗ ಬಡವರಿಗೂ ಯಂತ್ರ ಸಿಗಲಿ ಎಂಬುದು ಗುರಿಯಾಗಿತ್ತು. ಇನ್ನು ಆ ಯಂತ್ರ ಮಲಗಿದವರ ಮೈಗೆ ಹೊಂದುವಂತಾಗಲಿ. ದೊಡ್ಡಪ್ಪ ಹೊಸ ಗೊಬ್ಬರ ತಂದರೆ ಮೊದಲು ನಾಲ್ಕು ಸಾಲಿಗೆ ಹಾಕಿ ನೋಡುವವರು. ಈ ಪ್ರಯೋಗದ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ: ‘ಇಷ್ಟು ದಿನ ಯಾಕೆ ಯಾರೂ ನೋಡ್ಲಿಲ್ಲ?’