ಶಪಿಸುವ ಮುನ್ನ ಔಷಧಿಯ ದಾರಿ ತೋರೋಣ

ಮಾದಕ ವ್ಯಸನದ ವಿರುದ್ಧ ನಮ್ಮ ಮಸೀದಿಗಳಲ್ಲಿ ಖುತ್ಬಾಗಳು ನಡೆಯುತ್ತವೆ, ಬೀದಿಗಳಲ್ಲಿ ಜಾಥಾಗಳು ಹೊರಡುತ್ತವೆ. ಆದರೆ ಈಗಾಗಲೇ ವ್ಯಸನದ ಬಲೆಗೆ ಬಿದ್ದು ಹೊರಬರಲು ಹಂಬಲಿಸುವ ಯುವಕನಿಗೆ ಔಷಧಿ ಎಲ್ಲಿ ದೊರೆಯುತ್ತದೆ? ಕಡೂರು, ತರೀಕೆರೆ, ಅಜ್ಜಂಪುರಗಳ ಎಷ್ಟು ಕುಟುಂಬಗಳಿಗೆ ಇದಕ್ಕೆ ಉತ್ತರ ತಿಳಿದಿದೆ?

ಮದ್ಯವ್ಯಸನಕ್ಕೆ ನೀಡುವ ಮಾತ್ರೆಗಳನ್ನು ವೈದ್ಯರ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಪಡೆಯಬಹುದು. ಹೆರಾಯಿನ್ ಅಥವಾ ಅಫೀಮು ಮೂಲದ ನೋವಿನ ಮಾತ್ರೆಗಳಿಗೆ ದಾಸನಾದವನ ಸ್ಥಿತಿ ಬೇರೆ. ಅವನಿಗೆ ನೀಡುವ ಬ್ಯುಪ್ರೆನಾರ್ಫಿನ್ ಎಂಬ, ನಾಲಿಗೆಯಡಿ ಇಡುವ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿಯೇ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಮ್ಮ ದೇಶದಲ್ಲಾದರೋ ಅದು ವ್ಯಸನಮುಕ್ತಿ ಕೇಂದ್ರಗಳಿಗೆ ಮತ್ತು ಆ ಸೌಲಭ್ಯವುಳ್ಳ ಆಸ್ಪತ್ರೆಗಳಿಗೆ ಮಾತ್ರ ಪೂರೈಕೆಯಾಗುತ್ತದೆ. ಸಾಮಾನ್ಯ ಔಷಧಿ ಅಂಗಡಿಗಿಲ್ಲ.

ಈ ನಿರ್ಬಂಧ ಅಕಾರಣವಲ್ಲ. ಆ ಔಷಧಿಯೂ ದುರ್ಬಳಕೆಯಾಗುತ್ತದೆ. ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬೇಕಾದ ಚಿಕಿತ್ಸೆಗಾಗಿ ಕೂಲಿಕಾರನೊಬ್ಬ ದಿನದ ಸಂಪಾದನೆ ಬಿಟ್ಟು ದೂರದ ನಗರಕ್ಕೆ ಅಲೆಯಬಲ್ಲನೇ? ಫ್ರಾನ್ಸ್ ದೇಶವು 1995ರಿಂದ ಸಾಮಾನ್ಯ ವೈದ್ಯರಿಗೂ ಈ ಔಷಧಿ ಬರೆಯಲು, ಅಂಗಡಿಗಳಿಗೆ ಅದನ್ನು ನೀಡಲು ಅನುಮತಿಸಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅಲ್ಲಿ ಅತಿಸೇವನೆಯ ಸಾವುಗಳು ಸುಮಾರು ಶೇ. 79ರಷ್ಟು ಇಳಿದವು.

ಅಂಗಡಿಗಳಲ್ಲಿ ಕಡಿವಾಣವಿಲ್ಲದೆ ಮಾರಿರೆಂದು ನಾವು ಹೇಳುತ್ತಿಲ್ಲ. ಅಂಗಡಿಯಲ್ಲಿ ಕೊಡಬಾರದೆನ್ನುವ ಸರಕಾರ ತಾಲೂಕು ಆಸ್ಪತ್ರೆಯಲ್ಲಾದರೂ ಕೊಡಬೇಕು ಎಂಬುದಷ್ಟೇ ನಮ್ಮ ಆಗ್ರಹ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದಾದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೆಂದೇ ಪರಿಗಣಿಸಿ, ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳುಹಿಸುವ ‘ಮನೋಚೈತನ್ಯ’ ಯೋಜನೆಯನ್ನು ರೂಪಿಸಿದ್ದು ಕರ್ನಾಟಕವೇ. ಆ ಮೇಜಿನ ಮೇಲೆ ಈ ಮಾತ್ರೆಯೂ ಇರಲಿ.

ಪೊಲೀಸರ ಭಯದಿಂದ ಮಗನನ್ನು ಬಚ್ಚಿಡುವ ಹೆತ್ತವರು ಒಂದು ವಿಷಯ ತಿಳಿದಿರಬೇಕು. 1985ರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಯಂ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು. ಮದ್ಯ ಬಿಡಿಸಲು ಗಂಡನ ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವ ಸಹೋದರಿಯರಿಗೂ ಒಂದು ಮಾತು: ಡೈಸಲ್ಫಿರಾಮ್ ಸೇವಿಸಿದವನು ಅರಿಯದೆ ಕುಡಿದರೆ ಪ್ರಾಣಕ್ಕೇ ಅಪಾಯ.

‘ಒಂದು ನಶೆಗೆ ಇನ್ನೊಂದು ನಶೆಯೇ?’ ಎಂಬ ಆಕ್ಷೇಪವೂ ನಮ್ಮಲ್ಲಿದೆ. ವೈದ್ಯರ ನಿಗಾದಲ್ಲಿ, ಜೀವವುಳಿಸಲು ಕೊಡುವುದು ಚಿಕಿತ್ಸೆಯೇ ಹೊರತು ಮೋಜಲ್ಲ. ಅನಿವಾರ್ಯತೆಯ ರಿಯಾಯಿತಿಯನ್ನು ನಮ್ಮ ಫಿಕ್ಹ್ ಬಲ್ಲದು. ಮದ್ಯಪಾನಕ್ಕಾಗಿ ಶಿಕ್ಷೆಗೊಳಗಾದವನನ್ನು ಜನರು ಶಪಿಸಿದಾಗ ಪ್ರವಾದಿ(ಸ)ಯವರು ತಡೆದರು, ಶೈತಾನನಿಗೆ ನೆರವಾಗಬೇಡಿರೆಂದರು. ಆದರೆ ನಾವು ಶಪಿಸುತ್ತೇವೆ, ಹೆಣ್ಣು ಕೊಡುವುದಿಲ್ಲ, ಜಮಾಅತಿನಿಂದ ದೂರವಿಡುತ್ತೇವೆ.

ಮೂರೂ ಊರುಗಳ ಮಸೀದಿ ಕಮಿಟಿಗಳು ಒಟ್ಟಾಗಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮನವಿ ಸಲ್ಲಿಸಲಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ನ್ನು ಮಸೀದಿಯ ಫಲಕದಲ್ಲಿ ಬರೆಯಲಿ. ಆಸ್ಪತ್ರೆಗೆ ಹೋಗಲು ನಾಚುವ ಯುವಕನ ಜೊತೆ ಹಿರಿಯರೊಬ್ಬರು ನಡೆದು ಹೋಗಲಿ.