ಅಂಕಿತವಿಲ್ಲದ ಹಾಡಿಗೆ ಯಾರು ದಿಕ್ಕು?

ಕಳೆದ ನವೆಂಬರಿನಲ್ಲಿ ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವ. ನಿರೂಪಣೆ ಮಾಡುತ್ತಿದ್ದ ಹುಡುಗ ‘ಈಗ ಮೈಸೂರು ಅನಂತಸ್ವಾಮಿಯವರ ನಿತ್ಯೋತ್ಸವ’ ಎಂದ. ಮುಂದಿನದು ‘ಅಶ್ವಥ್ ಸರ್ ಹಾಡು’. ಹೀಗೇ ಹನ್ನೊಂದು ಹಾಡು ಮುಗಿದವು, ಒಬ್ಬ ಕವಿಯ ಹೆಸರೂ ಬರಲಿಲ್ಲ. ಸೌಂಡ್ ಸಿಸ್ಟಮ್‌ನವರ ಹೆಸರು ಮಾತ್ರ ಮೂರು ಸಲ ಬಂತು. ಊಟದ ಸಾಲಿನಲ್ಲಿ ಅವನನ್ನು ಹಿಡಿದು ಕೇಳಿದೆ. ‘ಬಿಡಿ ಅಂಕಲ್, ಅವೆಲ್ಲ ಈಗ ಜನಪದ ಆಗೋಗಿವೆ. ಕವಿಗೆ ಅದಕ್ಕಿಂತ ದೊಡ್ಡ ಗೌರವ ಇನ್ನೇನಿದೆ?’ ಅಂದ.

ಅವನನ್ನು ಬೈದು ಫಲವಿಲ್ಲ. ಆ ಮಾತನ್ನು ಕಲಿಸಿದವರು ನಾವೇ. ನಾನೂ ಒಂದೆರಡು ವೇದಿಕೆಗಳಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ಅನ್ನಿಸುತ್ತದೆ, ಇದು ಹೊಗಳಿಕೆಯಲ್ಲ, ಸಾಲ ತೀರಿಸದವನ ಸಬೂಬು.

ನಮ್ಮ ಹಳಬರು ಈ ವಿಷಯದಲ್ಲಿ ಜಾಣರು. ಬಸವಣ್ಣನ ವಚನಕ್ಕೆ ಕೂಡಲಸಂಗಮದೇವ, ಪುರಂದರದಾಸರ ಪದಕ್ಕೆ ಪುರಂದರವಿಠಲ, ಶರೀಫರ ಹಾಡಿಗೆ ಶಿಶುನಾಳಧೀಶ. ಹಾಡುವವನು ಎಷ್ಟೇ ಮರೆಗುಳಿಯಾದರೂ ಕೊನೆಯ ಸಾಲಿಗೆ ಬಂದಾಗ ಬರೆದವರ ಗುರುತು ಹೇಳಲೇಬೇಕು. ಹೊಸಗನ್ನಡದ ಹೆಚ್ಚಿನ ಕವಿಗಳು ಅಂಕಿತ ಬಿಟ್ಟರು. ಹೆಸರನ್ನು ನಾವು ಹೇಳುತ್ತೇವೆಂದು ನಂಬಿ ಬಿಟ್ಟರು ಎಂದು ನಾನು ತಿಳಿದಿದ್ದೇನೆ.

ನಾವು ಯಾವ ಮೈಲಿಗಲ್ಲುಗಳನ್ನು ನೆನಪಿಟ್ಟುಕೊಂಡಿದ್ದೇವೆ ನೋಡಿ. 1978 ಎಂದರೆ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ವರ್ಷ, ಕನ್ನಡ ಸುಗಮ ಸಂಗೀತದ ದೊಡ್ಡ ತಿರುವು ಎಂದು ಎಲ್ಲರೂ ಹೇಳುತ್ತಾರೆ. ನಿಸಾರ್ ಅಹಮದ್ ಅವರ ಅದೇ ಹೆಸರಿನ ಸಂಕಲನ 1976ರದು. ಅದನ್ನು ಯಾರು ನೆನೆಯುತ್ತಾರೆ? ಭೂವಿಜ್ಞಾನದ ಮೇಷ್ಟ್ರು ಅವರು, ಕಲ್ಲಿನ ವಯಸ್ಸು ಬಲ್ಲವರು! 2020ರ ಮೇ 3ರಂದು, ಲಾಕ್‌ಡೌನ್ ನಡುವೆ, ಪದ್ಮನಾಭನಗರದ ಮನೆಯಲ್ಲಿ ತೀರಿಕೊಂಡರು. ನಮ್ಮಲ್ಲಿಂದ ಆಟೋದಲ್ಲಿ ಹೋಗುವಷ್ಟು ದೂರ. ಅವತ್ತು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ‘ಓ, ಅದು ಇವರು ಬರೆದದ್ದಾ?’ ಎಂದು ಕೇಳಿದರು. ನಲವತ್ತು ವರ್ಷ ಹಾಡಿದ ಮೇಲೆ, ಸಾವಿನ ಸುದ್ದಿಯಲ್ಲಿ ಸಿಕ್ಕ ಪರಿಚಯ.

ಕೆ.ಎಸ್. ನರಸಿಂಹಸ್ವಾಮಿಯವರದು ಇನ್ನೂ ವಿಚಿತ್ರ. ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ, ಆಗ ಅವರಿಗೆ ಇಪ್ಪತ್ತೇಳು. ಆ ಕವಿತೆಗಳನ್ನು ಇಟ್ಟುಕೊಂಡು ನಾಗಾಭರಣ ಸಿನಿಮಾ ಮಾಡಿದರು. 1991ರ ಸಾಲಿನ ಶ್ರೇಷ್ಠ ಗೀತರಚನಕಾರ ರಾಷ್ಟ್ರಪ್ರಶಸ್ತಿ ಕವಿಗೆ ಬಂತು. ಹುಡುಗ ಬರೆದ ಹಾಡಿಗೆ ಮುದುಕನಿಗೆ ಬಹುಮಾನ. ಪದ ಅವೇ, ಪರದೆ ಬೇಕಾಯಿತು.

ಸಿನಿಮಾಕ್ಕೇ ಬರೆದವರಿಗಾದರೂ ಸುಖವಿತ್ತೇ? 1977ರಲ್ಲಿ ಸುಪ್ರೀಂ ಕೋರ್ಟು, ನಿರ್ಮಾಪಕ ಹಣ ಕೊಟ್ಟು ಬರೆಸಿದ ಹಾಡಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅವನೇ ಹಕ್ಕುದಾರ ಎಂದಿತು. ಸಿನಿಮಾ ಮಂದಿರದ ಹೊರಗಿನ ಬಳಕೆಗೆ ಬರೆದವನ ರಾಯಧನದ ಪಾಲನ್ನು ಕಿತ್ತುಕೊಳ್ಳಬಾರದೆಂಬ ಕಾನೂನು ಬಂದದ್ದು 2012ರಲ್ಲಿ. ಚಿ. ಉದಯಶಂಕರ್ ತೀರಿಕೊಂಡದ್ದು 1993ರಲ್ಲಿ. ಒಂದು ತಲೆಮಾರಿನ ರಾಜ್‌ಕುಮಾರ್ ಹಾಡುಗಳನ್ನು ಬರೆದ ಮನುಷ್ಯನಿಗೆ ಆ ಮೈಲಿಗಲ್ಲು ಹತ್ತೊಂಬತ್ತು ವರ್ಷ ತಡ.

‘ರಾಗ ಹಾಕದಿದ್ದರೆ ಈ ಕವಿತೆಗಳು ಪುಸ್ತಕದಲ್ಲೇ ಧೂಳು ತಿನ್ನುತ್ತಿದ್ದವು’ ಎನ್ನುವವರಿದ್ದಾರೆ. ಅರ್ಧ ನಿಜ, ಒಪ್ಪುತ್ತೇನೆ. ಅನಂತಸ್ವಾಮಿ, ಅಶ್ವಥ್ ಇಲ್ಲದಿದ್ದರೆ ನನ್ನಂಥ ಗುಮಾಸ್ತನ ಮನೆಗೆ ಕವಿತೆ ಬರುತ್ತಲೇ ಇರಲಿಲ್ಲ. (ಅಶ್ವಥ್ ಹುಟ್ಟಿದ್ದೂ ಹೋದದ್ದೂ ಡಿಸೆಂಬರ್ 29ರಂದೇ, ಅದು ಮಾತ್ರ ನಮಗೆ ಚೆನ್ನಾಗಿ ನೆನಪಿದೆ.) ಆದರೆ ಸಂಗೀತಗಾರನ ಹೆಸರು ಹೇಳಲು ಕವಿಯ ಹೆಸರು ಅಳಿಸಬೇಕೇ? ವಿವಿಧ ಭಾರತಿಯವರು ಹಾಡಿಗೆ ಮೊದಲು ಚಿತ್ರ, ರಚನೆ, ಸಂಗೀತ, ಗಾಯನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಆ ಹತ್ತು ಸೆಕೆಂಡು ಯಾರಿಗೂ ಭಾರವಾಗಿರಲಿಲ್ಲ.

ಈ ಸಲದ ಕರಪತ್ರದ ಕರಡು ನಿನ್ನೆ ಬಂತು. ಗಾಯಕಿ, ತಬಲಾ, ಕೀಬೋರ್ಡ್, ಅಡುಗೆಯವರು, ಅವರ ಫೋನ್ ನಂಬರು, ಎಲ್ಲ ಇದೆ. ಪ್ರತಿ ಹಾಡಿನ ಎದುರಿಗೆ ಪೆನ್ನಿನಲ್ಲಿ ಕವಿಯ ಹೆಸರು ಬರೆದು ವಾಪಸು ಕಳಿಸಿದ್ದೇನೆ. ಜಾಗ ಸಾಲದು ಎಂದು ಕಾರ್ಯದರ್ಶಿಗಳು ಫೋನ್ ಮಾಡಿದರು. ಅಡುಗೆಯವರ ನಂಬರು ತೆಗೆಯಿರಿ ಎಂದೆ.