ಕೌದಿಗೊಂದು ಮೇಜು, ಓದಿಗೊಂದು ಮೇಜು

ಹೋದ ವರ್ಷ ಜೂನ್ ತಿಂಗಳ ಮಾತು. ಹತ್ತನೆಯ ತರಗತಿಯ ನೋಟ್ ಪುಸ್ತಕಗಳನ್ನು ತಿದ್ದುತ್ತ ಕುಳಿತಿದ್ದೆ. ಒಬ್ಬ ಹುಡುಗಿಯ ಪುಸ್ತಕ ಬಿಡಿಸಿದಾಗ ಕೆಂಪು, ಹಸಿರು ದಾರದ ತುಣುಕುಗಳು ಉದುರಿದವು. ಮುಂದಿನ ವಾರವೂ ಅದೇ ಕಥೆ. ಅಕ್ಷರಗಳೋ, ಬಸ್ಸಿನಲ್ಲಿ ಕುಳಿತು ಬರೆದಂತೆ. ಕರೆದು ಕೇಳಿದೆ.

"ಮನ್ಯಾಗ ಒಂದ ಮೇಜ ಐತ್ರಿ ಸರ. ಅದರ ಮ್ಯಾಲ ಅವ್ವ ಕೌದಿ ಅರಬಿ ಕತ್ತರಸ್ತಾಳ. ನಾ ಹಾಸಿಗಿ ಮ್ಯಾಲ ಕುಂತ ಬರಿತೀನ್ರಿ."

ಪಾಲಕರ ಸಭೆಗೆ ತಾಯಿ ಬಂದರು. ಆಕೆಯ ದೂರೂ ಅದೇ ಮೇಜಿನ ಮೇಲೆ. "ನಂಗೂ ಅದರಿಂದ ನಡಾ ಹಿಡದೈತ್ರಿ ಸರ. ಹೊಸಾದು ಮಾಡಸೂಣು ಅಂದ್ರ ಬಡಿಗ್ಯಾರು ಒಂಬತ್ತ ಸಾವಿರ ಅಂತಾರ. ನೀವು ಸೈನ್ಸ್ ಮಾಸ್ತರು, ಒಂದೀಟು ಹೇಳ್ರೆಲಾ." ಆಕೆ ಕೌದಿ ಹೊಲಿದು ಮಾರಿದ ದುಡ್ಡಿನಲ್ಲೇ ಮನೆ ನಡೆಯುತ್ತಿತ್ತು, ಮಗಳ ಫೀಯೂ ಅದರಲ್ಲೇ. ಸೈನ್ಸ್ ಮಾಸ್ತರಿಗೂ ಮೇಜಿಗೂ ಏನು ಸಂಬಂಧ ಎಂದು ನಾನು ಜಾರಿಕೊಳ್ಳಬಹುದಿತ್ತು. ಆದರೆ ಸನ್ನೆ, ಒತ್ತಡ, ಘರ್ಷಣೆ, ಗುರುತ್ವ ಕೇಂದ್ರ ಎಂದು ಮೂವತ್ತು ವರ್ಷ ಹಲಗೆಯ ಮೇಲೆ ಬರೆದವನು ಒಂದು ಮೇಜಿಗೆ ಹೆದರಿದರೆ ಹೇಗೆ? ಭಾನುವಾರ ಅಳತೆ ಪಟ್ಟಿ ಹಿಡಿದು ಅವರ ಮನೆಗೆ ಹೋದೆ.

ಮೊದಲು ನಡುನೋವಿನ ಲೆಕ್ಕ. ನಮ್ಮ ಸೊಂಟದ ಕೀಲು ಒಂದು ಆನಿಕೆ ಎಂದಿಟ್ಟುಕೊಳ್ಳಿ. ಸೊಂಟದ ಮೇಲಿನ ದೇಹದ ಭಾರ ಸುಮಾರು 30 ಕಿಲೋ. ನೆಟ್ಟಗೆ ನಿಂತಾಗ ಆ ಭಾರ ಸೊಂಟದ ನೇರದಲ್ಲೇ ಇರುತ್ತದೆ. ಮುಂದಕ್ಕೆ ಬಾಗಿದಾಗ ಅದು ಆನಿಕೆಯಿಂದ ಒಂದು ಗೇಣಿಗಿಂತ ಹೆಚ್ಚು, ಅಂದರೆ 25 ಸೆಂ.ಮೀ.ನಷ್ಟು ಆಚೆಗೆ ಹೋಗುತ್ತದೆ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯು ಆನಿಕೆಯಿಂದ ಬರೀ 5 ಸೆಂ.ಮೀ. ದೂರದಲ್ಲಿದೆ. ಹಾಗಾದರೆ ಸ್ನಾಯು ಎಷ್ಟು ಬಲ ಹಾಕಬೇಕು? 30ನ್ನು 25ರಿಂದ ಗುಣಿಸಿ 5ರಿಂದ ಭಾಗಿಸಿ: 150 ಕಿಲೋ! ಒಂದೂವರೆ ಕ್ವಿಂಟಲ್ ಜೋಳದ ಭಾರ. ದಿನಕ್ಕೆ ನಾಲ್ಕು ತಾಸು ಹೀಗೆ ಬಾಗಿ ನಿಂತರೆ ನಡ ಹಿಡಿಯದೆ ಇನ್ನೇನಾದೀತು?

ಓದುವ ಮೇಜಿನ ಎತ್ತರ ಸಾಮಾನ್ಯವಾಗಿ 75 ಸೆಂ.ಮೀ. ಅದು ಕುಳಿತು ಬರೆಯುವವರಿಗೆ ಮಾಡಿದ್ದು. ನಿಂತು ಕತ್ತರಿಸುವವರ ಅಳತೆ ಬೇರೆ. ನೆಟ್ಟಗೆ ನಿಂತು ಮೊಳಕೈ ಮಡಚಿ, ನೆಲದಿಂದ ಮೊಳಕೈವರೆಗೆ ಅಳೆಯಿರಿ. ಅದರಲ್ಲಿ ನಾಲ್ಕು ಬೆರಳು ಇಲ್ಲವೆ ಸುಮಾರು 10 ಸೆಂ.ಮೀ. ಕಳೆಯಿರಿ. ಆ ತಾಯಿಯ ಮೊಳಕೈ 94ಕ್ಕೆ ಬಂತು. ಬೇಕಾದ ಮೇಜು 84.

ಇಲ್ಲಿ ನನ್ನ ಜಾಣತನವನ್ನು ಹೇಳಿಬಿಡುತ್ತೇನೆ. ಇಟ್ಟಿಗೆಯ ದಪ್ಪ ಏಳೂವರೆ ಸೆಂ.ಮೀ. ನಾಲ್ಕು ಕಾಲಿಗೆ ನಾಲ್ಕು ಇಟ್ಟಿಗೆ ಇಟ್ಟರೆ ಕೆಲಸ ಮುಗಿಯಿತು, ಒಂಬತ್ತು ಸಾವಿರ ಉಳಿಯಿತು ಎಂದು ಬೀಗುತ್ತ ಚಹಾ ಕುಡಿದು ಬಂದೆ. ಎರಡೇ ವಾರಕ್ಕೆ ಹುಡುಗಿ ಹೆಗಲು ಹಿಡಿದುಕೊಂಡು ಬಂದಳು. ಮೇಜು ಎತ್ತರವಾಯಿತು, ಕುರ್ಚಿ ಆಗಲಿಲ್ಲವಲ್ಲ! ಭುಜ ಎತ್ತಿಕೊಂಡೇ ಬರೆಯುತ್ತಿದ್ದಳು. ಮೇಲಾಗಿ ದೊಡ್ಡ ಕತ್ತರಿಯನ್ನು ಒತ್ತಿ ತಳ್ಳಿದಾಗ ಒಂದು ಕಾಲು ಇಟ್ಟಿಗೆಯಿಂದ ಜಾರಿತ್ತಂತೆ. ಗುರುತ್ವ ಕೇಂದ್ರ ಮೇಲೇರಿದೆ, ತಳದ ಅಗಲ ಅಷ್ಟೇ ಇದೆ, ಹಾಗಿದ್ದಮೇಲೆ ಸ್ಥಿರತೆ ಕಡಿಮೆಯಾಗುತ್ತದೆ ಎಂದು ಎಂಟನೆಯ ತರಗತಿಗೆ ಪಾಠ ಹೇಳುವವನೇ ನಾನು! ಅವತ್ತೇ ಸಂಜೆ ಹೋಗಿ ಇಟ್ಟಿಗೆ ತೆಗೆಸಿದೆ. ಕೂತು ಓದುವ ಮೇಜು ಮತ್ತು ನಿಂತು ಕತ್ತರಿಸುವ ಮೇಜು ಒಂದೇ ಆಗುವುದು ಸಾಧ್ಯವಿಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಪರಿಹಾರ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಹಳೆಯದೊಂದು ಫ್ಲಶ್ ಬಾಗಿಲು, ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ, ಏಳುನೂರು ರೂಪಾಯಿ. ಹಲಗೆ ತಗ್ಗು ದಿನ್ನೆಗಳಿರುವ ಬಾಗಿಲು ಬೇಡ, ಸಪಾಟಾದದ್ದೇ ಬೇಕು. ಬಾಗಿದೆಯೋ ಇಲ್ಲವೋ ನೋಡಲು ಮೂಲೆಯಿಂದ ಮೂಲೆಗೆ ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ದಾರದ ಕೆಳಗೆ ಸಂದು ಕಂಡರೆ ಮುಂದಿನ ಬಾಗಿಲು ನೋಡಿ. ಚಿಲಕದ ತೂತುಗಳಿಗೆ ಮರದ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿದೆವು, ಅಂಚುಗಳನ್ನು ಮರಳು ಕಾಗದದಿಂದ ಉಜ್ಜಿದೆವು. ಇಲ್ಲದಿದ್ದರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಕೆಳಗೆ ಎರಡು ಕಬ್ಬಿಣದ ರ್ಯಾಕು. ಅವುಗಳ ಕಾಲಿಗೆ ಉದ್ದಕ್ಕೂ ತೂತುಗಳಿರುವುದರಿಂದ ಬೇಕಾದ ಎತ್ತರಕ್ಕೆ ಬೋಲ್ಟು ಹಾಕಬಹುದು. ರ್ಯಾಕಿನ ಕೆಳಗಿನ ಅಂತಸ್ತಿನಲ್ಲಿ ಹಳೆ ಸೀರೆಗಳ ಗಂಟು ಇಟ್ಟರು. ಭಾರ ಕೆಳಗಿಳಿಯಿತು, ಮೇಜು ಬಂಡೆಯಂತೆ ನಿಂತಿತು. ಒಟ್ಟು ಖರ್ಚು ಎರಡು ಸಾವಿರದ ಆರುನೂರು.

ಮೇಜಿನ ಮೇಲೆ ಏನು ಹಾಸಬೇಕು? ಪೇಟೆಯ ಗಿರಾಕಿಯೊಬ್ಬರು ಆಕೆಗೆ ಚಕ್ರದಂಥ ಅಲಗಿನ ಕಟರ್ ಮತ್ತು ಹಸಿರು ಮ್ಯಾಟ್ ಕೊಳ್ಳಲು ಹೇಳಿದ್ದರು. ಈ ಉರುಳು ಕಟರನ್ನು ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದಿತು. ದಪ್ಪ ಸ್ಕೇಲಿನ ಪಕ್ಕದಲ್ಲಿ ಉರುಳಿಸಿದರೆ ನಾಲ್ಕಾರು ಪದರು ಒಟ್ಟಿಗೆ ನೇರವಾಗಿ ತುಂಡಾಗುತ್ತವೆ. ಅಲಗಿನ ಅಂಚು ಕೂದಲಿಗಿಂತ ಎಷ್ಟೋ ತೆಳ್ಳಗೆ. ಸ್ವಲ್ಪ ಬಲ, ಅತಿ ಕಡಿಮೆ ವಿಸ್ತೀರ್ಣ, ಆದ್ದರಿಂದ ಭಾರಿ ಒತ್ತಡ. ಅದೇ ಅಂಚನ್ನು ಗಾಜಿನ ಮೇಲೋ ಗ್ರಾನೈಟ್ ಕಲ್ಲಿನ ಮೇಲೋ ಒತ್ತಿದರೆ ಕಲ್ಲು ಜಗ್ಗುವುದಿಲ್ಲ, ಅಂಚೇ ಮುಕ್ಕಾಗುತ್ತದೆ. ಮರದ ಮೇಲೆ ಗೀರು ಬೀಳುತ್ತದೆ, ಮರುದಿನ ಅಲಗು ನಿಮ್ಮ ಗೆರೆ ಬಿಟ್ಟು ಆ ಗೀರಿನಲ್ಲೇ ಓಡುತ್ತದೆ. ಹಸಿರು ಮ್ಯಾಟ್ ಪಿವಿಸಿಯದು, ಪದರು ಪದರಾಗಿರುತ್ತದೆ. ಅಲಗು ಮೇಲಿನ ಮೆತ್ತನೆಯ ಪದರನ್ನು ಸೀಳಿ ಸರಿಸುತ್ತದೆಯೇ ಹೊರತು ಕೆತ್ತಿ ತೆಗೆಯುವುದಿಲ್ಲ. ಅಲಗು ಹೋದಮೇಲೆ ಎರಡೂ ಬದಿ ಮತ್ತೆ ಕೂಡಿಕೊಳ್ಳುತ್ತವೆ. 'ತಾನೇ ವಾಸಿಯಾಗುವ ಮ್ಯಾಟ್' ಎಂದು ಮಾರುತ್ತಾರೆ. ವಾಸಿಯೂ ಇಲ್ಲ, ಗಾಯವೂ ಇಲ್ಲ, ಬರೀ ಸ್ಥಿತಿಸ್ಥಾಪಕತೆ. ಇದಕ್ಕೆ ಬಿಸಿ ಆಗದು. ಇಸ್ತ್ರಿಪೆಟ್ಟಿಗೆ ಇಟ್ಟರೆ, ಬಿಸಿಲಿಗೆ ಒರಗಿಸಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಆಮೇಲೆ ಅದನ್ನು ಸಪಾಟು ಮಾಡುವುದು ಕಷ್ಟ.

ಇಷ್ಟೆಲ್ಲ ಹೇಳಿದರೂ ಆಕೆಗೆ ನಾನು ಮ್ಯಾಟ್ ಕೊಳ್ಳಿರೆಂದು ಹೇಳಲಿಲ್ಲ. ಹಳೆ ಹತ್ತಿ ಸೀರೆ, ಧೋತರವನ್ನು ಅಂಚಿನಲ್ಲಿ ತುಸು ಕತ್ತರಿಸಿ ಎಳೆದರೆ ಎಳೆಯ ಗುಂಟ ಸರ್ರನೆ ನೆಟ್ಟಗೆ ಹರಿಯುತ್ತದೆ. ನಮ್ಮ ಅಜ್ಜಿಯರು ಕತ್ತರಿ ಮುಟ್ಟದೆ ಚೌಕ ಮಾಡುತ್ತಿದ್ದದ್ದು ಹೀಗೇ. ಇನ್ನು ದರ್ಜಿಗಳ ಕತ್ತರಿಯ ಹಿಡಿ ಮೇಲಕ್ಕೆ ಬಾಗಿರುತ್ತದೆ, ಕೆಳ ಅಲಗು ಮೇಜಿಗೆ ಅಂಟಿಕೊಂಡೇ ಸಾಗುತ್ತದೆ. ಅದಕ್ಕೆ ನುಣುಪಾದ ಬಾಗಿಲೇ ಸಾಕು. ಉರುಳು ಕಟರು ಮಕ್ಕಳಿರುವ ಮನೆಯಲ್ಲಿ ಭಯದ ವಸ್ತುವೂ ಹೌದು. ಕೊಂಡವರು ಪ್ರತಿ ಸಲ ಕೆಳಗಿಡುವ ಮುನ್ನ ಅಲಗನ್ನು ಮುಚ್ಚಿಡಿ, ಮೈಯಿಂದ ಆಚೆಗೇ ತಳ್ಳಿ.

ಒಂದು ಎಚ್ಚರಿಕೆಯನ್ನು ಮಾತ್ರ ಕೊಟ್ಟೆ. ಮೊದಲ ತುಂಡಿನ ಅಳತೆಗೆ ಎರಡನೆಯದು, ಎರಡನೆಯದರ ಅಳತೆಗೆ ಮೂರನೆಯದು ಎಂದು ಕತ್ತರಿಸಬಾರದು. ಪ್ರತಿ ಸಲ 2 ಮಿ.ಮೀ. ಬೆಳೆದರೆ ಇಪ್ಪತ್ತನೆಯ ತುಂಡು ಮೊದಲನೆಯದಕ್ಕಿಂತ 38 ಮಿ.ಮೀ. ದೊಡ್ಡದು! ಗಟ್ಟಿ ರಟ್ಟಿನ ಒಂದೇ ಮಾದರಿ ಇಟ್ಟುಕೊಂಡು ಎಲ್ಲವನ್ನೂ ಅದರಿಂದಲೇ ಗುರುತು ಮಾಡಬೇಕು. ವಿದ್ಯಾರ್ಥಿಗಳೇ, ನೀವು ಪ್ರಯೋಗದ ಪುಸ್ತಕವನ್ನು ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುತ್ತೀರಲ್ಲ, ಕೊನೆಯವನಲ್ಲಿ ಗಂಧಕಾಮ್ಲ ಹೋಗಿ ಗಂಧಕಾಮ್ಮ ಆಗಿರುವುದು ಇದೇ ಕಾರಣಕ್ಕೆ.

ಉಳಿದದ್ದು ಹೊಲಿಗೆ ಯಂತ್ರ. ಆಕೆಯದು ಕಾಲಿನಿಂದ ತುಳಿಯುವ ಹಳೆಯ ಯಂತ್ರ. ಅದನ್ನು ಮಾರಿ ಮೋಟಾರಿನ ಸಣ್ಣ ಯಂತ್ರ ಕೊಂಡು ಯಾವುದಾದರೂ ಮೇಜಿನ ಮೇಲಿಡುವ ಯೋಚನೆಯಿತ್ತು. ನಾನು ಬೇಡವೆಂದೆ. ಹಳೆಯ ಯಂತ್ರ ಮೇಜಿನ ತೂತಿನೊಳಗೆ ಇಳಿದು ಕುಳಿತಿರುತ್ತದೆ, ಬಟ್ಟೆ ಓಡುವ ಜಾಗ ಮತ್ತು ಹಲಗೆ ಒಂದೇ ಮಟ್ಟ. ಸಣ್ಣ ಯಂತ್ರವನ್ನು ಮೇಜಿನ ಮೇಲಿಟ್ಟರೆ ಕೈ ಮೂರು ಅಂಗುಲದಷ್ಟು ಮೇಲಕ್ಕೇರುತ್ತದೆ, ಮತ್ತೆ ಹೆಗಲು ನೋವು.

ಆದರೂ ಆಕೆಯ ಯಂತ್ರದಲ್ಲಿ ಸೂಜಿ ಮುರಿಯುತ್ತಿದ್ದವು, ಹೊಲಿಗೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಕೌದಿಯನ್ನು ತೂಗಿ ನೋಡಿದೆವು: 3 ಕಿಲೋ 200 ಗ್ರಾಂ. ಯಂತ್ರದ ಕೆಳಗಿನ ಸಣ್ಣ ಹಲ್ಲುಗಳು ಬಟ್ಟೆಯನ್ನು ಘರ್ಷಣೆಯಿಂದ ಹಿಂದಕ್ಕೆ ತಳ್ಳುತ್ತವೆ. ಎಡಗಡೆ ಕೌದಿ ಜೋತು ಬಿದ್ದು ಎಳೆದರೆ ಹಲ್ಲು ಜಾರುತ್ತದೆ, ಹೊಲಿಗೆ ಗಿಡ್ಡವಾಗುತ್ತದೆ. ಎಳೆತಕ್ಕೆ ಸೂಜಿ ಬಾಗಿ ಕೆಳಗಿನ ತಗಡಿಗೆ ಬಡಿದು ಮುರಿಯುತ್ತದೆ. ಕೈಯಿಂದ ಹೊಲಿಯುವವರಿಗೆ ಈ ಕಾಟವೇ ಇಲ್ಲ, ನೆಲವೇ ಅವರ ಮೇಜು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕವಂದಿ ಹೊಲಿಯುವಾಗ ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನೆಲದ ಮೇಲಾದ್ದರಿಂದ ಭಾರ ಎಲ್ಲೂ ಜೋಲುವುದಿಲ್ಲ.

ಯಂತ್ರವನ್ನು ಕೋಣೆಯ ಮೂಲೆಗೆ ಸರಿಸಿದೆವು. ಹಿಂದೆ ಗೋಡೆ, ಎಡಕ್ಕೆ ಕಿಟಕಿಯಿರುವ ಗೋಡೆ. ಕಿಟಕಿಯ ಕೆಳಗೆ ಯಂತ್ರದ ಮಟ್ಟಕ್ಕೇ ಕೀಲು ಹಾಕಿ ಮಡಚುವ ಹಲಗೆಯೊಂದನ್ನು ಬಡಿಗೇರರು ಕೂಡಿಸಿಕೊಟ್ಟರು. ಕೌದಿ ಈಗ ಅದರ ಮೇಲೆ ಮಲಗಿರುತ್ತದೆ, ಬೆಳಕೂ ಎಡದಿಂದ ಬೀಳುತ್ತದೆ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಇಣುಕಿದೆ. ಹುಡುಗಿ ಈಗ ಪಿಯುಸಿ. ತನ್ನ ಮೇಜಿನ ಮುಂದೆ ಕುಳಿತು ಏನೋ ಬರೆಯುತ್ತಿದ್ದಳು; ತಾಯಿ ಬಾಗಿಲ ಮೇಜಿನ ಮುಂದೆ ನೆಟ್ಟಗೆ ನಿಂತು ಇಳಕಲ್ ಸೀರೆಯೊಂದನ್ನು ಹರಿಯುತ್ತಿದ್ದರು. ನಡ ಹೇಗಿದೆ ಎಂದು ಕೇಳಿದೆ.

"ನಡಾ ಅಡ್ಡಿಯಿಲ್ರಿ ಸರ. ಇನ್ನ ಗಿರಾಕಿ ಬರೂದನ್ನೂ ನಿಮ್ಮ ಸೈನ್ಸಿನ್ಯಾಗ ಹುಡುಕಿ ಹೇಳ್ರಿ" ಎಂದರು.